ಓಟದ ಎತ್ತುಗಳ ಪಿಕಪ್ಪಿಗೆ ನಾನು ಕಟ್ಟಿದ ಕಮಾನು

ಹಿಂಭಾಗ ಎತ್ತಿಕೊಂಡು ನಿಂತ ಪಿಕಪ್ಪೇ ಗಟ್ಟಿ ಪಿಕಪ್ಪು ಎಂದು ನಮ್ಮ ಸೀಮೆಯವರ ತಲೆಗೆ ತುಂಬಿದವರು ಯಾರೋ ಗೊತ್ತಿಲ್ಲ. ಅವರೇನಾದರೂ ನನ್ನ ಕೈಗೆ ಸಿಕ್ಕಿದ್ದರೆ, ಅಂಥದೇ ಒಂದು ಪಿಕಪ್ಪಿನ ಹಿಂದೆ ನಿಲ್ಲಿಸಿ, ಹಿಡಿದುಕೊಳ್ಳಲು ಏನನ್ನೂ ಕೊಡದೆ, ಪಾಂಡವಪುರದಿಂದ ನಾಗಮಂಗಲದವರೆಗೆ ಓಡಿಸಿಬಿಡುತ್ತಿದ್ದೆ. ಇಳಿದ ಮೇಲೆ ಅವರಿಗೆ ಸೊಂಟ ಎಂಬುದೊಂದು ಉಳಿದಿದ್ದರೆ ಮುಂದಿನ ಮಾತು ಆಡಬಹುದಿತ್ತು.

ನನ್ನ ಹೆಸರು ಬಷೀರ್. ಶ್ರೀರಂಗಪಟ್ಟಣದ ಗಂಜಾಮಿನವನು. ಲಾರಿ, ಪಿಕಪ್ಪುಗಳ ಹಿಂದಿನ ಆಕ್ಸಲ್ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನ ಹಾಗೆ ಬಗ್ಗಿಸಿ ಕಟ್ಟಿರುತ್ತಾರಲ್ಲ, ಭಾರವನ್ನೆಲ್ಲ ಹೊತ್ತು ಕುಲುಕಾಟವನ್ನೆಲ್ಲ ನುಂಗುವುದು ಅದೇ. ಅದನ್ನು ಕಾಯಿಸಿ, ಬಡಿದು, ಅಳತೆಗೆ ತಂದು ಕಟ್ಟುವುದು ನನ್ನ ಕಸುಬು. ಕಮಾನು ಕೆಲಸ ಎನ್ನುತ್ತೇವೆ. ಪಾಂಡವಪುರ ರಸ್ತೆಯ ಚನ್ನಪ್ಪನವರ ವರ್ಕ್‌ಶಾಪಿನಲ್ಲಿ ನನ್ನ ಆಯುಸ್ಸಿನ ಬಹುಭಾಗ ಗಾಡಿಗಳ ಕೆಳಗೆ ಮಲಗಿಯೇ ಕಳೆಯಿತು. ಈಗ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಬಂದು, ಹೇಗಿತ್ತು ಹೇಳಿ ಎನ್ನುತ್ತಾರೆ. ಹೇಳುತ್ತೇನೆ. ಆದರೆ ಸಿಹಿಯಾಗಿ ಹೇಳಲು ನನಗೆ ಬರುವುದಿಲ್ಲ.

ಮೊದಲು ಈ ಸೀಮೆಯ ಒಂದು ಪದ್ಧತಿ ತಿಳಿದುಕೊಳ್ಳಿ. ಹೊಸ ಪಿಕಪ್ಪು ಮನೆಗೆ ಬಂದರೆ ಪೂಜೆ ಮಾಡಿಸುತ್ತಾರೆ. ಚಕ್ರದಡಿಯ ನಿಂಬೆಹಣ್ಣಿನ ರಸ ಆರುವ ಮೊದಲೇ, ಕೊರಳಿಗೆ ಕಟ್ಟಿದ ಹೂವಿನ ಹಾರದ ಸಮೇತ, ಗಾಡಿ ನೇರವಾಗಿ ನಮ್ಮ ವರ್ಕ್‌ಶಾಪಿಗೆ ಬರುತ್ತದೆ.

"ಬಷೀರಣ್ಣ, ಇಂದ್ಕೆ ಎಲ್ಡೆಲ್ಡು ಪಟ್ಟಿ ಆಕ್ಬುಡಣ್ಣ. ವಸಿ ಎತ್ತರ ನಿಂತ್ಕಳ್ಳಿ."

"ಯಾಕಪ್ಪಾ? ಇನ್ನೂ ಒಂದ್ ಮೂಟೇನೂ ಒತ್ತಿಲ್ವಲ್ಲ ಗಾಡಿ."

"ಎಲ್ರೂ ಆಕುಸ್ತಾರೆ ಕಣಣ್ಣ."

ಎಲ್ಲರೂ ಹಾಕಿಸುತ್ತಾರೆ! ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಪಟ್ಟಿ ಹೆಚ್ಚಿಸಿದರೆ ಗಾಡಿಯ ಶಕ್ತಿ ಹೆಚ್ಚುವುದಿಲ್ಲ ಸ್ವಾಮಿ. ಆಕ್ಸಲ್ ಅದೇ, ಟೈರು ಅದೇ, ಬ್ರೇಕು ಅದೇ. ಹೆಚ್ಚುವುದು ಎತ್ತರ ಮತ್ತು ಕುಲುಕಾಟ ಎರಡೇ. ಇದನ್ನು ಬಾಯಿ ಒಣಗುವಂತೆ ಹೇಳಿದರೆ ಗಿರಾಕಿ ನನ್ನ ಮುಖ ಬಿಟ್ಟು ಚನ್ನಪ್ಪನವರ ಮುಖ ನೋಡುತ್ತಿದ್ದ. ಚನ್ನಪ್ಪನವರು ಕುರ್ಚಿಯಿಂದ ಏಳದೆ ಹೇಳುತ್ತಿದ್ದರು, "ಕೇಳಿದ್ನ ಮಾಡ್ಕೊಡು ಬಷೀರ. ಇಸ್ಕೂಲು ನಡುಸ್ಬ್ಯಾಡ." ಕೆಟ್ಟ ಮನುಷ್ಯರಲ್ಲ ಚನ್ನಪ್ಪನವರು. ನನ್ನ ಮಗಳ ಮದುವೆಯಲ್ಲಿ ಮನೆಯವರ ಹಾಗೆ ಓಡಾಡಿದವರು. ಆದರೆ ಗಿರಾಕಿ ಬಾಗಿಲಿಗೆ ಬಂದರೆ ಅವರ ಬುದ್ಧಿ ಎದ್ದು ಗಿರಾಕಿಯ ಪಕ್ಕ ಹೋಗಿ ಕೂರುತ್ತಿತ್ತು.

ನನಗೆ ಕೆಲಸ ಕಲಿಸಿದ ಉಸ್ತಾದರು ಘನಿ ಸಾಬರು ಬೇರೆಯೇ ಥರ. ಅವರ ಕಾಲದಲ್ಲಿ ಇದ್ದಿಲಿನ ಕುಲುಮೆ, ಸುತ್ತಿಗೆ, ಕಣ್ಣು, ಇಷ್ಟೇ ಸಲಕರಣೆ. ಪಟ್ಟಿ ಕಾದು ಯಾವ ಕೆಂಪಿಗೆ ಬಂದಾಗ ಬಗ್ಗಿಸಬೇಕು, ಎಷ್ಟು ಹೊತ್ತು ಎಣ್ಣೆಯಲ್ಲಿ ಅದ್ದಬೇಕು ಎಂಬುದು ನೋಡಿ ನೋಡಿಯೇ ಬರಬೇಕು. "ಥಂಡೇ ಲೋಹೇಕು ಮಾರ್‌ನಕ್ಕೋ ರೇ" ಎಂದು ಗದರುತ್ತಿದ್ದರು. ಆರಿದ ಕಬ್ಬಿಣವನ್ನು ಹೊಡೆಯಬೇಡವೋ ಎಂದು. ಹೊಡೆದರೆ ಪಟ್ಟಿ ಅವತ್ತು ಬಗ್ಗುತ್ತದೆ, ನಾಳೆ ರಸ್ತೆಯ ಮಧ್ಯೆ ಮುರಿಯುತ್ತದೆ. ಆಮೇಲೆ ಪ್ರೆಸ್ ಬಂತು, ರೆಡಿಮೇಡ್ ಸೆಟ್ಟುಗಳು ಬಂದವು. ಒಳ್ಳೆಯದೇ, ಬೆನ್ನು ಉಳಿಯಿತು. ಆದರೆ ಅದರ ಜೊತೆಗೇ ಮುರಿದ ಪಟ್ಟಿಗೆ ವೆಲ್ಡಿಂಗ್ ಹಾಕಿ, ಮೇಲೆ ಕಪ್ಪು ಬಣ್ಣ ಬಳಿದು, ಹೊಸದೆಂದು ಕಟ್ಟಿ ಕಳಿಸುವವರೂ ಬಂದರು. ಅಂಥ ಪಟ್ಟಿ ಬಿಚ್ಚಿ ಕೈಗೆ ತೆಗೆದುಕೊಂಡಾಗಲೆಲ್ಲ, ಇದನ್ನು ಕಟ್ಟಿದವನು ರಾತ್ರಿ ಹೇಗೆ ನಿದ್ದೆ ಮಾಡುತ್ತಾನೆ ಎಂದು ನಾನು ಬೈದುಕೊಂಡಿದ್ದೇನೆ.

ಇನ್ನೊಂದು ಹೇಳಲೇಬೇಕು. ಪಟ್ಟಿಗಳನ್ನು ಆಕ್ಸಲ್‌ಗೆ ಹಿಡಿದಿಡುವ ಯು-ಬೋಲ್ಟುಗಳನ್ನು, ಹೊಸದಾಗಿ ಕಟ್ಟಿ ಒಂದು ಸಲ ಲೋಡು ಹೊತ್ತು ಬಂದ ಮೇಲೆ ಮತ್ತೆ ಬಿಗಿಯಬೇಕು. ಪಟ್ಟಿಗಳು ಒಂದಕ್ಕೊಂದು ಕೂತುಕೊಂಡಾಗ ಬೋಲ್ಟು ಸಡಿಲವಾಗುತ್ತದೆ. ಬನ್ನಿ, ಬಿಗಿದುಕೊಡುತ್ತೇನೆ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಬರುವವರೇ ಇಲ್ಲ. ಬಾಬುರಾಯನಕೊಪ್ಪಲಿನ ಕಡೆಯ ಒಬ್ಬ ಬೆಲ್ಲ ಸಾಗಿಸುವವನು ಬಹಳ ದಿನದ ಮೇಲೆ ಬಂದ. ಅವನ ಗಾಡಿ ಏಡಿ ನಡೆದ ಹಾಗೆ ಓರೆಯಾಗಿ ಬರುತ್ತಿತ್ತು. ಹಿಂದಿನ ಆಕ್ಸಲ್ಲೇ ಜರುಗಿ ಕೂತಿದೆ, ಪುಣ್ಯಾತ್ಮನಿಗೆ ಗೊತ್ತೇ ಆಗಿಲ್ಲ! "ಸಾಬ್ರೇ, ನೀವು ಕಟ್ಟಿದ್ದೇ ಸರಿಯಿಲ್ಲ" ಎಂದು ನನಗೇ ಜೋರು ಮಾಡಿದ. ಮತ್ತೆ ಬಿಗಿಸಲು ಯಾಕೆ ಬರಲಿಲ್ಲ ಎಂದರೆ, "ಚೆನ್ನಾಗೇ ಓಡ್ತಿತ್ತಲ್ಲ" ಎಂದ.

ಹೀಗೆ ಎತ್ತರ ಎತ್ತರ ಎನ್ನುವವರ ನಡುವೆ ನನ್ನ ಕಾಲ ಕಳೆಯುತ್ತಿದ್ದಾಗ, ಕೆ.ಆರ್.ಪೇಟೆ ಕಡೆಯ ಶೀಳನೆರೆಯಿಂದ ತಮ್ಮಣ್ಣಗೌಡರು ಬಂದರು. ಗದ್ದೆ, ತೋಟ, ಹಾಲಿನ ಹಸುಗಳು ಎಲ್ಲ ಇದ್ದರೂ ಗೌಡರ ಜೀವವೆಲ್ಲ ಗಾಡಿ ಓಟದ ಎರಡು ಎತ್ತುಗಳ ಮೇಲೆ. ಒಂದರ ಹೆಸರು ದೊರೆ, ಇನ್ನೊಂದರ ಹೆಸರು ಮೈಲಾರಿ. ಅವುಗಳಿಗಾಗಿಯೇ ದೊಡ್ಡ ಎಂಜಿನ್ನಿನ ಒಂದು ಪಿಕಪ್ಪು ಕೊಂಡಿದ್ದರು. ಏರು ಕಂಡರೆ ನುಗ್ಗುವಂಥ ಗಾಡಿ, ಅದರ ಎಂಜಿನ್ನಿಗೂ ಇನ್ನಷ್ಟು ದಮ್ಮು ತುಂಬಿಸಿದ್ದರು. ಗೌಡರು ಹೇಳಿದ ಮಾತು ಕೇಳಿ ನಾನು ಸುತ್ತಿಗೆ ಕೆಳಗಿಟ್ಟೆ.

"ಸಾಬ್ರೇ, ಗಾಡಿಯಿಂದ ಇಳ್ದಾಗ ಎತ್ಗೊಳ ಕಾಲು ನಡುಗ್ತವೆ. ಓಟಕ್ಕೆ ಮುಂಚೇನೆ ಸುಸ್ತಾಗೋಯ್ತವೆ. ತೊಟ್ಲಲ್ಲಿ ಮಲಗ್ದಂಗೆ ಓಗ್ಬೇಕು, ಅಂಗೆ ಮಾಡ್ಕೊಡಿ."

ಅಷ್ಟು ವರ್ಷದಲ್ಲಿ, ಎತ್ತರಿಸು ಎನ್ನದೆ, ಮೇಲೆ ನಿಂತು ಹೋಗುವ ಜೀವಕ್ಕೆ ನೋವಾಗದ ಹಾಗೆ ಕಟ್ಟು ಎಂದು ಕೇಳಿದ ಮೊದಲ ಗಿರಾಕಿ ಅವರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ, ಗೌಡರ ಮೇಲೆ ಪ್ರೀತಿಯೇ ಹುಟ್ಟಿತು.

ಗೌಡರ ಡ್ರೈವರ್ ಮಾದೇವ ಬಿಂಡಿಗನವಿಲೆಯವನು. ಮೊದಲು ಕುರಿ ಸಾಗಿಸುವ ಗಾಡಿ ಓಡಿಸುತ್ತಿದ್ದ. ಮಾತು ಕಡಿಮೆ. ಹಳ್ಳ ಬಂದರೆ ಹಿಂದೆ ತಿರುಗಿ ಪ್ರಾಣಿ ಹೇಗೆ ನಿಂತಿದೆ ಎಂದು ನೋಡುವ ಅಭ್ಯಾಸ ಅವನಿಗಿತ್ತು. ಎತ್ತುಗಳನ್ನು ಹತ್ತಿಸಿಕೊಂಡು ಬಾ ಎಂದು ಅವನಿಗೆ ಹೇಳಿದೆ. ನಾನು ಚಪ್ಪಲಿ ಬಿಟ್ಟು ಹಿಂದೆ ಹತ್ತಿ, ಎರಡು ಎತ್ತುಗಳ ನಡುವೆ ಬರಿಗಾಲಲ್ಲಿ ನಿಂತೆ. ಚನ್ನಪ್ಪನವರು ನಕ್ಕರು. ನಗಲಿ. ಎತ್ತಿಗೆ ಏನಾಗುತ್ತಿದೆ ಎಂದು ಎತ್ತಿನ ಜಾಗದಲ್ಲಿ ನಿಂತೇ ತಿಳಿಯಬೇಕು. ಪಾಂಡವಪುರದ ರಸ್ತೆಯಲ್ಲಿ ಹೋಗಿ ಬರುವಷ್ಟರಲ್ಲಿ ನನಗೆ ಗೊತ್ತಾಯಿತು. ಕಂಪನಿಯ ಪಟ್ಟಿಗಳನ್ನು ಸಿಮೆಂಟು ಮೂಟೆಯ ಭಾರಕ್ಕೆ ಅಳೆದು ಕೊಟ್ಟಿದ್ದಾರೆ. ಎರಡು ಎತ್ತಿನ ಭಾರ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಪ್ರತಿ ಗುಂಡಿಗೂ ಗಾಡಿ ಪುಟಿಯುತ್ತದೆ. ಎತ್ತು ಬೀಳದಿರಲೆಂದು ನಾಲ್ಕೂ ಕಾಲು ಬಿಗಿಹಿಡಿಯುತ್ತದೆ. ಇಡೀ ದಾರಿ ಬಿಗಿಹಿಡಿದು ನಿಂತ ಕಾಲು ಇಳಿದ ಮೇಲೆ ನಡುಗದೆ ಇನ್ನೇನು ಮಾಡುತ್ತದೆ?

ಹಿಂದಿನ ಪಟ್ಟಿಗಳನ್ನೆಲ್ಲ ಬಿಚ್ಚಿ ಹಾಕಿದೆ. ಉದ್ದವಾದ, ತೆಳುವಾದ ಪಟ್ಟಿಗಳನ್ನು ಆರಿಸಿ ಹೊಸದಾಗಿ ಕಾಯಿಸಿ ಬಗ್ಗಿಸಿದೆ. ಅವುಗಳ ಜೊತೆಗೆ ಒಂದು ದಪ್ಪ ಪಟ್ಟಿಯನ್ನು ಸ್ವಲ್ಪ ಸಂದು ಬಿಟ್ಟು ಕಟ್ಟಿದೆ. ಸಾಮಾನ್ಯ ಭಾರದಲ್ಲಿ ಅದು ಸುಮ್ಮನಿರುತ್ತದೆ, ದೊಡ್ಡ ಗುಂಡಿ ಬಂದಾಗ ಮಾತ್ರ ತಾಗಿ ಭಾರಕ್ಕೆ ಹೆಗಲು ಕೊಡುತ್ತದೆ. ಉದ್ದನೆಯ ಶಾಕ್ ಅಬ್ಸಾರ್ಬರ್‌ಗಳಿಗೆ ಜಾಗ ಮಾಡಿ ಕೂರಿಸಿದೆ. ಮೊದಲ ಸಲದ್ದು ತೀರಾ ಮೆತ್ತಗಾಯಿತು. ಕೆ.ಆರ್.ಪೇಟೆ ರಸ್ತೆಯ ಒಂದು ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲಿ, ದೊರೆ ಮುಂಗಾಲು ಊರಿ ಮಂಡಿ ಹಾಕಿಬಿಟ್ಟಿತು. ಮಾದೇವ ಗಾಡಿ ನಿಲ್ಲಿಸಿ ಓಡಿ ಬಂದು ಅದರ ಮಂಡಿ ತಡವಿದ. ಗುಜರಿಯಿಂದ ಒಂದು ಹಳೇ ಜೀಪಿನ ಅಡ್ಡ ಸರಳು ತಂದು, ಎರಡೂ ಕಡೆಯ ಪಟ್ಟಿಗಳು ಒಟ್ಟಿಗೆ ಏಳಲಿ ಒಟ್ಟಿಗೆ ಇಳಿಯಲಿ ಎಂದು ಅಡಿಯಲ್ಲಿ ಕಟ್ಟಿದೆ. ವಾಲಾಟ ನಿಂತಿತು. ಮತ್ತೆ ಅದೇ ರಸ್ತೆ, ಅದೇ ತಿರುವು. ನಾನು ಈ ಸಲ ಮುಂದೆ ಕೂತಿದ್ದೆ. ಮಾದೇವ ಕನ್ನಡಿಯಲ್ಲಿ ನೋಡಿದವನು ಮೆಲ್ಲಗೆ ಹೇಳಿದ, "ಬಷೀರಣ್ಣ, ಒಸಿ ಇಂದುಕ್ ತಿರುಗ್ ನೋಡು. ದೊರೆ ಮೆಲಕು ಆಕ್ತಾವ್ನೆ!"

ತಿರುಗಿ ನೋಡಿದೆ. ಓಡುವ ಗಾಡಿಯಲ್ಲಿ ಎತ್ತು ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತ ನಿಂತಿತ್ತು. ಭಯವಿದ್ದ ಪ್ರಾಣಿ ಮೆಲುಕು ಹಾಕುವುದಿಲ್ಲ. ನನ್ನ ಕಸುಬಿನಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದು.

ಈಗ ಮುಖ್ಯವಾದದ್ದು, ಗಮನವಿಟ್ಟು ಓದಿ. ಈ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಒಂದು ಲೋಡ್ ವಾಲ್ವು ಇರುತ್ತದೆ. ವಾಲ್ವು ಗಾಡಿಯ ಅಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ, ಕೂತಿರುತ್ತದೆ, ಅದರಿಂದ ಒಂದು ಸಣ್ಣ ರಾಡು ಆಕ್ಸಲ್‌ಗೆ ಹೋಗಿರುತ್ತದೆ. ಭಾರ ಹೇರಿದಾಗ ಗಾಡಿ ತಗ್ಗುತ್ತದೆ. ತಗ್ಗಿದರೆ ಆ ರಾಡು ವಾಲ್ವಿಗೆ ತಿಳಿಸುತ್ತದೆ, ಹಿಂದೆ ಭಾರ ಇದೆ, ಹಿಂದಿನ ಚಕ್ರಕ್ಕೆ ಬ್ರೇಕು ಜಾಸ್ತಿ ಕೊಡು ಎಂದು. ಗಾಡಿ ಎತ್ತರದಲ್ಲಿದ್ದರೆ ಖಾಲಿ ಇದೆ ಎಂದುಕೊಂಡು ಕಡಿಮೆ ಕೊಡುತ್ತದೆ. ಪಟ್ಟಿ ಸೇರಿಸಿ ಎತ್ತರ ಮಾಡಿ, ರಾಡು ಮಾತ್ರ ಹಾಗೇ ಬಿಟ್ಟರೆ ಏನಾಗುತ್ತದೆ? ಮೂಗಿನವರೆಗೆ ಲೋಡು ತುಂಬಿದ್ದರೂ ವಾಲ್ವು ಗಾಡಿ ಖಾಲಿ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕು ಅರ್ಧಕ್ಕೆ ಕೈಬಿಡುತ್ತದೆ. ನಮ್ಮ ಸೀಮೆಯಲ್ಲಿ ಎತ್ತರ ಮಾಡಿಸಿಕೊಂಡ ಗಾಡಿಗಳಲ್ಲಿ ಈ ರಾಡನ್ನು ಸರಿಮಾಡಿದ್ದು ನಾನು ನೋಡಿದ್ದೇ ಅಪರೂಪ. ಕೆಲವರಂತೂ ಅಡ್ಡ ಬರುತ್ತದೆಂದು ಕಳಚಿ ಬಿಸಾಕುತ್ತಾರೆ.

ಗೌಡರ ಗಾಡಿ ನಾನು ಕಟ್ಟಿದ ಮೇಲೆ ತಗ್ಗಾಗಿತ್ತು, ಪಟ್ಟಿಗಳು ಏಳುವ ಇಳಿಯುವ ಆಟವೂ ಹೆಚ್ಚಾಗಿತ್ತು. ಅದಕ್ಕೆ ತಕ್ಕ ಹಾಗೆ ರಾಡಿನ ಅಳತೆ ಕೂರಿಸಿ, ಅಲ್ಲಿಗೆ ಕೆಂಪು ಬಣ್ಣ ಹಚ್ಚಿದೆ. ಗೌಡರನ್ನೂ ಮಾದೇವನನ್ನೂ ಗಾಡಿಯ ಕೆಳಗೆ ಬಗ್ಗಿಸಿ ತೋರಿಸಿದೆ. "ಗೌಡ್ರೇ, ಇಂದೆ ಎತ್ತರ ಯಾರಾದ್ರೂ ಮುಟ್ಟುದ್ರೆ ಈ ರಾಡ್ನೂ ಮುಟ್ಲೇಬೇಕು. ಮರೀಬ್ಯಾಡಿ." ಗೌಡರು ಆಯಿತೆಂದರು. ಆ ಸಲದ ಓಟದಲ್ಲಿ ಅವರ ಜೋಡಿಯೇ ಮೊದಲು ಬಂತು. ಗೌಡರು ನಮ್ಮ ವರ್ಕ್‌ಶಾಪಿಗೆ ಸ್ವೀಟ್ ಬಾಕ್ಸು ತಂದರು, ನನ್ನ ಹೆಗಲ ಮೇಲೆ ಕೈ ಹಾಕಿದರು.

ಆಮೇಲೆ ನಡೆದದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ಓಟದ ಬಯಲಿನಲ್ಲಿ ಯಾರೋ ಗೌಡರ ಗಾಡಿ ನೋಡಿ, ಬಾಣಂತಿ ಕೂತಂಗೆ ಕೂತೈತೆ ಎಂದು ಚುಡಾಯಿಸಿದರಂತೆ. ಗೌಡರ ಭಾವಮೈದ ಕುಮಾರ ಎಂಬವನು ಜೊತೆಗಿದ್ದ. ಅವನಿಗೆ ಅದು ಅವಮಾನವಾಯಿತು. ಅಕ್ಕಪಕ್ಕದ ಪಿಕಪ್ಪುಗಳೆಲ್ಲ ಬಾಲ ಎತ್ತಿ ನಿಂತಿರುವಾಗ ಗೆದ್ದವರ ಗಾಡಿ ತಗ್ಗಿ ನಿಲ್ಲುವುದೆಂದರೇನು! ಗೌಡರೂ ಅವನ ಮಾತಿಗೆ ಸೋತರು. ನನಗೆ ಹೇಳಿದರೆ ಬೈಯುತ್ತೇನೆಂದು ಗೊತ್ತಿತ್ತಲ್ಲ, ಕುಮಾರ ಗಾಡಿಯನ್ನು ಬೇರೆಲ್ಲೋ ಕೊಂಡೊಯ್ದು, ನನ್ನ ಪಟ್ಟಿಗಳ ಮೇಲೆ ಪಟ್ಟಿ ತುರುಕಿಸಿ, ಅಡಿಯಲ್ಲಿ ಕಬ್ಬಿಣದ ತುಂಡು ಕೊಟ್ಟು ಎತ್ತರ ಮಾಡಿಸಿದ. ರಾಡನ್ನು ಯಾರೂ ಮುಟ್ಟಲಿಲ್ಲ. ರಾಡು ಮುಟ್ಟಬೇಕಂತೆ ಎಂದು ಮಾದೇವ ಹೇಳಿದನಂತೆ. "ನೀನು ಸ್ಟೇರಿಂಗ್ ಇಡ್ಕೊ, ಸಾಕು" ಎಂದನಂತೆ ಕುಮಾರ.

ಮುಂದಿನ ಓಟಕ್ಕೆ ಹೋಗುವಾಗ ಬಿಂಡಿಗನವಿಲೆ ಕಡೆಯ ಒಂದು ಇಳಿಜಾರಿನಲ್ಲಿ ಕುರಿ ಮಂದೆ ರಸ್ತೆ ದಾಟುತ್ತಿತ್ತು, ಹಿಂದೆ ಕುರಿ ಕಾಯುವ ಹೆಂಗಸು. ಮಾದೇವ ಬ್ರೇಕ್ ತುಳಿದ. ಮುಂದಿನ ಚಕ್ರ ಕಚ್ಚಿದವು, ಹಿಂದಿನದು ಕಚ್ಚಲಿಲ್ಲ, ಗಾಡಿ ಜಾರುತ್ತಲೇ ಹೋಯಿತು. ಆ ಹೆಂಗಸಿನ ಮೇಲೆ ಹತ್ತಿಸುವ ಬದಲು ಅವನು ಗಾಡಿಯನ್ನು ಹೊಲದ ಬದುವಿಗೆ ನುಗ್ಗಿಸಿದ. ಮನುಷ್ಯರಿಗೆ ಏನೂ ಆಗಲಿಲ್ಲ. ದೊರೆಯ ಮುಂಗಾಲು ಮುರಿಯಿತು.

ಮುರಿದ ಕಾಲಿನ ಎತ್ತು ಮತ್ತೆ ಓಡುವುದಿಲ್ಲ. ಗೌಡರು ಅತ್ತರಂತೆ. ಅಳಲಿ, ಅದು ತಪ್ಪಲ್ಲ, ನನಗೂ ಅಳು ಬಂತು. ಆದರೆ ಕಣ್ಣು ಒರೆಸಿಕೊಳ್ಳುವುದರೊಳಗೆ, ಮಾದೇವ ಕುಡಿದಿದ್ದ ಎಂದು ಕುಮಾರ ಊರೆಲ್ಲ ಹೇಳಿಯಾಗಿತ್ತು. ಆ ಮನುಷ್ಯ ಕುಡಿಯುವುದೇ ಇಲ್ಲ. ಮಾದೇವನನ್ನು ಕೆಲಸದಿಂದ ತೆಗೆದರು. ಕುಡಿದು ಓಡಿಸಿದ ಎಂಬ ಮಾತು ಅಂಟಿದ ಡ್ರೈವರಿಗೆ ಕೆ.ಆರ್.ಪೇಟೆಯಲ್ಲಿ, ನಾಗಮಂಗಲದಲ್ಲಿ, ಎಲ್ಲಿ ಹೋದರೂ ಯಾರೂ ಕೀಲಿ ಕೊಡುವುದಿಲ್ಲ. ಅವನು ಬಸ್ಸು ಹತ್ತಿ ನಮ್ಮ ವರ್ಕ್‌ಶಾಪಿಗೆ ಬಂದ.

"ಅಣ್ಣ, ಬ್ರೇಕು ಇಡೀನಿಲ್ಲ ಕಣಣ್ಣ. ದೇವ್ರಾಣೆ ತುಳ್ದೆ. ಇಡೀನಿಲ್ಲ."

"ಕೆಂಪು ಗುರ್ತು ಎಲ್ಲಿತ್ತು?"

"ಅಲ್ಲೇ ಐತೆ. ಗಾಡಿ ಮಾತ್ರ ಮೇಲ್ಕೋಯ್ತು."

ನಾನು ಕೈ ತೊಳೆದು ಅವನ ಜೊತೆ ಶೀಳನೆರೆಗೆ ಬಸ್ಸು ಹಿಡಿದೆ. ಚನ್ನಪ್ಪನವರು, "ಗಿರಾಕಿ ಮನೆ ಜಗ್ಳ ನಮ್ಗ್ಯಾಕೆ ಬಷೀರ" ಎಂದರು. ನಾನು ಕಟ್ಟಿದ ಗಾಡಿ, ನನಗಲ್ಲದೆ ಇನ್ಯಾರಿಗೆ?

ಶೀಳನೆರೆಯ ಹಾಲಿನ ಡೇರಿ ಮುಂದೆ ಗೌಡರ ಗಾಡಿ ನಿಂತಿತ್ತು, ಜನ ಸೇರಿದ್ದರು. ಸಂಜೆ ಹಾಲು ಹಾಕಲು ಬಂದವರು ಕ್ಯಾನು ಇಟ್ಟು ಅಲ್ಲೇ ನಿಂತರು. ಕುಮಾರ ನನ್ನನ್ನು ನೋಡಿದ ತಕ್ಷಣ ಶುರುಮಾಡಿದ, "ರಾಡು ಮುಟ್ಟಿದ್ದು ಈ ಸಾಬ್ರೇ. ಕೆಂಪು ಬಣ್ಣಾನೂ ಅವ್ರೇ ಬಳ್ದವ್ರೆ. ಇವ್ರು ಮುಟ್ಟಿದ್ಕೇ ಬ್ರೇಕ್ ಕೆಟ್ಟೈತೆ. ಇಲ್ಲ ಅವ್ನು ಕುಡ್ದಿದ್ದ. ಎಲ್ಡ್ರಲ್ಲಿ ಒಂದು."

ನನಗೆ ಬಂದ ಕೋಪಕ್ಕೆ ಆ ಗಾಡಿಯನ್ನೇ ಎತ್ತಿ ಹಾಕಬೇಕೆನಿಸಿತು. ತಡೆದುಕೊಂಡು ಗಾಡಿಯ ಕೆಳಗೆ ತೂರಿದೆ. ಮುಂದಿನ ಎರಡೂ ಟೈರು ಒಂದು ಕಡೆ ಉಜ್ಜಿ ಬೋಳಾಗಿದ್ದವು. ಹಿಂದಿನವು ಹೊಸದರ ಹಾಗೇ ಇದ್ದವು. ಎದ್ದು ಬಂದು ಗೌಡರಿಗೆ ಹೇಳಿದೆ, "ಬದುಕ್ಕೆ ಗುದ್ದಿ ಮುಂದ್ಗಡೆ ತಗಡು ಸೊಟ್ಟಗಾಗೈತೆ ಅಷ್ಟೆ, ಗಾಡಿ ಓಡ್ತದೆ. ಎಲ್ಡು ಎತ್ತಿನ ಭಾರಕ್ಕೆ ಬೂಸಾ ಮೂಟೆ ಏರ್ಸಿ. ಕೆರೆ ಕಡೆ ಮಣ್ಣಿನ ರಸ್ತೇಲಿ ಓಡ್ಸಿ ನೋಡುವ. ಮಾದೇವ ಬ್ಯಾಡ, ನಾನೂ ಬ್ಯಾಡ. ನಿಮ್ಮ ಕುಮಾರಪ್ಪನೇ ಓಡುಸ್ಲಿ. ಅವ್ರು ಕುಡ್ದಿಲ್ವಲ್ಲ?"

ಜನ ಗೊಳ್ಳೆಂದು ನಕ್ಕರು. ಮೂಟೆ ಏರಿಸಿದರು. ರಸ್ತೆಗೆ ಅಡ್ಡ ಒಂದು ಗೆರೆ ಎಳೆದು, ಗಾಡಿಯ ಮೂತಿ ಗೆರೆಗೆ ಬಂದ ಕೂಡಲೇ ಬ್ರೇಕ್ ತುಳಿ ಎಂದೆ. ಕುಮಾರ ಮೆಲ್ಲಗೇ ಬಂದು ತುಳಿದ. ಮುಂದಿನ ಚಕ್ರ ಕಚ್ಚಿ ಮಣ್ಣು ಉತ್ತವು. ಹಿಂದಿನವು ಸುಮ್ಮನೆ ಉರುಳುತ್ತಲೇ ಇದ್ದವು. ಗಾಡಿ ಗೆರೆ ದಾಟಿ, ನಿಂತು ನೋಡುತ್ತಿದ್ದವರನ್ನು ದಾಟಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತಿತು. ಅವನು ಇಳಿದಾಗ ಮುಖದಲ್ಲಿ ರಕ್ತವಿರಲಿಲ್ಲ. ನಾನು ಮತ್ತೆ ಕೆಳಗೆ ಹೋಗಿ, ಏರಿಸಿದ ಎತ್ತರಕ್ಕೆ ಸರಿಯಾಗಿ ರಾಡನ್ನು ಕೂರಿಸಿ ಬಿಗಿದೆ. ಮತ್ತೆ ಓಡಿಸು ಎಂದೆ. ಅದೇ ಗಾಡಿ, ಅದೇ ಭಾರ, ಅದೇ ಕುಮಾರ. ಈ ಸಲ ನಾಲ್ಕೂ ಚಕ್ರ ಕಚ್ಚಿ, ಗೆರೆ ದಾಟಿದ ಸ್ವಲ್ಪದರಲ್ಲೇ ನಿಂತಿತು.

ಎಲ್ಲರೂ ಡೇರಿ ಮುಂದಕ್ಕೆ ವಾಪಸ್ ಬಂದೆವು. ಮಾದೇವ ಡೇರಿಯ ಗೋಡೆಗೆ ಒರಗಿ ನಿಂತಿದ್ದ. ಗೌಡರು ಅವನ ಹತ್ತಿರ ಹೋಗುತ್ತಾರೆ, ಬಾರಪ್ಪಾ ಎನ್ನುತ್ತಾರೆ ಎಂದು ನಾನು ಕಾದೆ. ಊರವರೂ ಕಾದರು. ಗೌಡರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು.

"ಆಯ್ತು ಬುಡಿ ಸಾಬ್ರೇ. ಆದದ್ದು ಆಗೋಯ್ತು" ಎಂದು ಮನೆಗೆ ಹೊರಟುಬಿಟ್ಟರು.

ಅಷ್ಟೇ. ಕ್ಯಾನು ಹಿಡಿದವರು ಹಾಲು ಹಾಕಲು ಸಾಲು ನಿಂತರು.

ಸ್ವಲ್ಪ ಕಾಲದ ಮೇಲೆ ಗೌಡರು ದೊರೆಯ ಜಾಗಕ್ಕೆ ಇನ್ನೊಂದು ಎತ್ತು ತಂದರು. ದೊರೆ ಕೊಟ್ಟಿಗೆಯಲ್ಲೇ ಕುಂಟುತ್ತ ಇತ್ತು, ಅದನ್ನು ಅವರು ಮಾರಲಿಲ್ಲ. ಆ ಮಟ್ಟಿಗೆ ಅವರ ಋಣ ನಾನು ಮರೆಯುವುದಿಲ್ಲ. ಅದೇ ಪಿಕಪ್ಪು ತೆಗೆದುಕೊಂಡು ವರ್ಕ್‌ಶಾಪಿಗೆ ಬಂದರು.

"ಮೊದ್ಲಂಗೆ ಕಟ್ಕೊಡಿ ಸಾಬ್ರೇ. ಎತ್ತರದ ಸಾವಾಸ ಸಾಕು."

"ಕಟ್ತೀನಿ ಗೌಡ್ರೇ. ಒಂದೇ ಮಾತು. ಅವತ್ತು ಡೇರಿ ಮುಂದೆ ಜನ ಇದ್ರಲ್ಲ, ಅದೇ ಜನದ ಮುಂದೆ ನಿಂತು, ಮಾದೇವ ಕುಡ್ದಿರ್ಲಿಲ್ಲ ಅಂತ ನೀವು ಏಳ್ಬೇಕು. ಕೆಲ್ಸ ವಾಪಸ್ ಕೊಡಿ ಅಂತ ನಾನು ಕೇಳ್ತಿಲ್ಲ. ಆ ಮಾತು ವಾಪಸ್ ತಗಳ್ಳಿ."

ಗೌಡರ ಮುಖ ಕೆಂಪಾಯಿತು. "ಪಟ್ಟಿ ಕಟ್ಟೋನು ಪಟ್ಟಿ ಕಟ್ಬೇಕು. ನನ್ ಮನೆ ಆಳ್ಗೆ ನಾನು ಏನಾರಾ ಅಂದ್ಕತೀನಿ. ಬಾಮೈದುನ್ನ ಊರ್ಮುಂದೆ ಸುಳ್ಳ ಅನ್ಸಕ್ಕಾಯ್ತದಾ?"

ಹಾಗೆ ಬನ್ನಿ! ಭಾವಮೈದ ಸುಳ್ಳನಾಗಬಾರದು, ಅದಕ್ಕೆ ಮಾದೇವ ಕುಡುಕನಾಗಿರಬೇಕು. ಇಷ್ಟು ಸ್ಪಷ್ಟವಾಗಿ ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ಗೌಡರಿಗೆ ಕೈ ಮುಗಿದೆ. ಚನ್ನಪ್ಪನವರ ಕಡೆ ತಿರುಗಿ, "ಯಜಮಾನ್ರೇ, ಈ ಗಾಡಿ ನಾನು ಮುಟ್ಟಲ್ಲ" ಎಂದೆ. ಅವರು ಕುರ್ಚಿಯಲ್ಲಿ ಆ ಕಡೆ ಈ ಕಡೆ ಹೊರಳಿದರು. "ಗಿರಾಕಿ ಕಳ್ಕಳ್ಳಕ್ಕಾಯ್ತದೇನ್ಲಾ ಬಷೀರ" ಎಂದು, ಒಳಗಿದ್ದ ಇನ್ನೊಬ್ಬ ಕೆಲಸದವನನ್ನು ಕೂಗಿ, ಜಾಕ್ ತರಲು ಹೇಳಿದರು. ನನ್ನ ಜಾಗದಲ್ಲಿ ಅವನು ಗಾಡಿಯ ಕೆಳಗೆ ತೂರುವುದನ್ನು ನೋಡುತ್ತ ನಾನು ಕೈ ಒರೆಸಿಕೊಂಡೆ. ಉಸ್ತಾದರ ಕಾಲದ ನನ್ನ ಸುತ್ತಿಗೆಯೊಂದನ್ನು ಮಾತ್ರ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ನನ್ನ ನಿವೃತ್ತಿ ಆದದ್ದು ಹೀಗೆ. ವಯಸ್ಸಾಯಿತು, ಮಂಡಿ ನೋವು ಎಂದು ಮನೆಯವರು ನೆಂಟರಿಗೆ ಹೇಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ.

ಹೊಸಬರಿಗೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಿಮಗೆ ಪ್ರೆಸ್ ಇದೆ, ಅಳತೆಯ ಮೆಷಿನ್ನಿದೆ, ಫೋನಿನಲ್ಲಿ ಎಲ್ಲ ಗಾಡಿಯ ಚಿತ್ರವೂ ಸಿಗುತ್ತದೆ. ಪಟ್ಟಿ ಕಟ್ಟುವುದು ನನಗಿಂತ ಬೇಗ ಕಲಿಯುತ್ತೀರಿ. ಎತ್ತರ ಮುಟ್ಟಿದರೆ ರಾಡು ಮುಟ್ಟಿ, ಲೋಡು ಹೊತ್ತು ಬಂದ ಮೇಲೆ ಬೋಲ್ಟು ಬಿಗಿಯಿರಿ. ಗಾಡಿ ಕೆಟ್ಟಾಗ ಎಲ್ಲರ ಬೆರಳೂ ಮೊದಲು ತಿರುಗುವುದು ಡ್ರೈವರ್ ಕಡೆಗೆ. ಆ ಹೊತ್ತಿನಲ್ಲಿ ನೀವು ಗಾಡಿಯ ಕೆಳಗೇ ಮುಖ ಮರೆಸಿಕೊಂಡು ಮಲಗಿದ್ದರೆ, ನಿಮ್ಮ ಕೈಯಲ್ಲಿ ಎಷ್ಟು ಕಸುಬಿದ್ದರೂ ನನಗೆ ನಿಮ್ಮ ಮೇಲೆ ಮರ್ಯಾದೆ ಇಲ್ಲ.

ಮೊನ್ನೆ ಬಾಬುರಾಯನಕೊಪ್ಪಲಿನ ಟೀ ಅಂಗಡಿ ಮುಂದೆ ಕೂತಿದ್ದೆ. ಮೈಸೂರು ಕಡೆಯಿಂದ ಬಂದ ಒಂದು ಪಿಕಪ್ಪು ನಿಂತಿತು. ನೋಡಿದ ಕೂಡಲೇ ಗುರುತು ಸಿಕ್ಕಿತು, ಗೌಡರದೇ. ಹಿಂದೆ ಎರಡು ಎತ್ತು. ಮತ್ತು ಹಿಂಭಾಗ ಮತ್ತೆ ಎತ್ತರ! ಎತ್ತರದ ಸಹವಾಸ ಸಾಕೆಂದವರು, ಜನ ಮತ್ತೆ ಚುಡಾಯಿಸಿರಬೇಕು, ಮತ್ತೆ ಏರಿಸಿಬಿಟ್ಟಿದ್ದಾರೆ. ಡ್ರೈವರ್ ಹೊಸಬ, ಮೀಸೆ ನರೆತ ಮನುಷ್ಯ, ಟೀಗೆ ಹೇಳುತ್ತಿದ್ದ. ನಾನು ಲುಂಗಿ ಎತ್ತಿ ಕಟ್ಟಿ, ಏನೂ ಕೇಳದೆ ಗಾಡಿಯ ಕೆಳಗೆ ತೂರಿದೆ. ಅವನು ಗಾಬರಿಯಾಗಿ ಓಡಿ ಬಂದ.

ರಾಡು ಸರಿಯಾಗಿತ್ತು. ಎತ್ತರಕ್ಕೆ ತಕ್ಕ ಹಾಗೆ ಅಳತೆ ಕೂರಿಸಿ, ಬಿಗಿದು, ಅಲ್ಲಿಗೆ ಹೊಸದಾಗಿ ಕೆಂಪು ಬಣ್ಣ ಹಚ್ಚಿತ್ತು. ಈಚೆ ಬಂದು ಬೆನ್ನು ಕೊಡವಿಕೊಂಡೆ.

"ಈ ರಾಡು ಯಾರು ಸರಿಮಾಡಿದ್ದು? ಚನ್ನಪ್ಪೋರ ವರ್ಕ್‌ಶಾಪಲ್ಲಾ?"

"ಇಲ್ಲ ಯಜಮಾನ್ರೇ. ಇಂದೆ ಒಬ್ರು ಡ್ರೈವರ್ ಇದ್ರಲ್ಲ, ಮಾದೇವಣ್ಣ ಅಂತ. ನಾನು ಕೆಲ್ಸಕ್ಕೆ ಸೇರಿದ್ದು ಗೊತ್ತಾಗಿ ಬಿಂಡಿಗನವಿಲೆಯಿಂದ ಬಸ್ಸಲ್ಲಿ ಬಂದು ದಾರೀಲಿ ಗಾಡಿ ನಿಲ್ಸಿದ್ರು. ಅವ್ರೇ ಕೆಳ್ಗೆ ಮಲಗಿ ಮಾಡ್ಕೊಟ್ಟು, ಗಾಡಿ ತೆಗ್ಯೋಕೆ ಮುಂ‍ಚೆ ದಿನಾ ನೋಡು ಅಂತ ತೋರುಸ್ಕೊಟ್ರು."

"ಈಗೇನು ಓಡುಸ್ತಾನೆ ಅವ್ನು?"

"ಏನೂ ಇಲ್ಲ. ಯಾರೂ ಗಾಡಿ ಕೊಡಲ್ವಂತೆ. ಕುರಿ ಕಾಯ್ತಾವ್ರೆ."

"ಈ ರಾಡು ಅವ್ನು ಮಾಡಿದ್ದು ಅಂತ ನಿನ್ ಗೌಡ್ರಿಗೆ ಏಳಿದ್ದೀಯಾ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ.

"ಏಳ್ಬ್ಯಾಡ ಅಂದವ್ರೆ. ನನ್ನೆಸ್ರು ಕಿವಿಗ್ ಬಿದ್ರೆ ಅಟಕ್ಕೆ ಬಿದ್ದು ಅದ್ನ ಬಿಚ್ಚಾಕುಸ್ಬುಡ್ತಾರೆ, ಆಮ್ಯಾಕೆ ನೀನು ಸತ್ತೋಯ್ತೀಯ ಕಣಪ್ಪಾ ಅಂದ್ರು."